ಹಕ್ಕಿಗೂ ಹೂವಿಗೂ ಒಂದೇ ಬೆಳಕು

(ಬಳಗದ ಪರಿಸರ ಛಾಯಾಗ್ರಹಣ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೂವಿನ ಮಕರಂದ ಹೀರುತ್ತಿರುವ ಹಕ್ಕಿಯ ಚಿತ್ರ ತೆಗೆಯುವಾಗ ಬೆಳಕನ್ನು ಹೇಗೆ ಅಳೆಯಬೇಕು ಎಂಬುದು ಇಂದು ನನಗೆ ಒಪ್ಪಿಸಿರುವ ವಿಷಯ. ಮೇಲುನೋಟಕ್ಕೆ ಇದು ಕ್ಯಾಮೆರಾದ ಗುಂಡಿಗಳಿಗೆ ಸಂಬಂಧಿಸಿದ ತಾಂತ್ರಿಕ ಸಂಗತಿ. ಆದರೆ ಕೃಷಿ ವಿಜ್ಞಾನದ ಹಿನ್ನೆಲೆಯಿಂದ ಬಂದ ನನಗೆ ಅದರಲ್ಲಿ ಇನ್ನೊಂದು ಪ್ರಶ್ನೆಯೂ ಕಾಣುತ್ತದೆ. ಹಕ್ಕಿ ಮತ್ತು ಹೂವು ಒಟ್ಟಿಗೆ ಇರುವ ಚಿತ್ರವು ಅವೆರಡರ ಸಂಬಂಧದ ದಾಖಲೆಯೂ ಹೌದು. ಬೆಳಕಿನ ಲೆಕ್ಕ ತಪ್ಪಿದರೆ ಹಕ್ಕಿ ಉಳಿದು ಹೂವು ಅಳಿಸಿಹೋಗುತ್ತದೆ. ಇಲ್ಲವೇ ಹೂವು ಉಳಿದು ಹಕ್ಕಿ ಕರಿಯ ಮಚ್ಚೆಯಾಗುತ್ತದೆ. ಎರಡನ್ನೂ ಉಳಿಸಿಕೊಳ್ಳುವುದು ಹೇಗೆ, ಉಳಿಸಿಕೊಳ್ಳುವುದು ಏಕೆ ಅಗತ್ಯ ಎಂಬುದೇ ನನ್ನ ಮಾತಿನ ತಿರುಳು.

ಮೊದಲಿಗೆ ಹೆಸರಿನ ಗೊಂದಲವೊಂದನ್ನು ಪರಿಹರಿಸಿಕೊಳ್ಳೋಣ. ಮನೆಯಂಗಳದ ದಾಸವಾಳಕ್ಕೆ ಬರುವ ಪುಟ್ಟ ಹಕ್ಕಿಯನ್ನು ನಮ್ಮಲ್ಲಿ ಅನೇಕರು ಹಮ್ಮಿಂಗ್ ಬರ್ಡ್ ಎಂದು ಕರೆಯುತ್ತಾರೆ. ಅದು ಸೂರಕ್ಕಿ. ಹಮ್ಮಿಂಗ್ ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ಅವುಗಳ 360ಕ್ಕೂ ಹೆಚ್ಚು ಪ್ರಭೇದಗಳು ಅಲಾಸ್ಕಾದಿಂದ ದಕ್ಷಿಣ ಅಮೆರಿಕದ ತುತ್ತತುದಿಯವರೆಗೆ ಹರಡಿಕೊಂಡಿವೆ. ಸೂರಕ್ಕಿಗಳು ಆಫ್ರಿಕ, ಏಷ್ಯಾ ಮತ್ತು ಆಸ್ಟ್ರೇಲಿಯದ ಉತ್ತರ ಭಾಗದ ಹಕ್ಕಿಗಳು. ಎರಡಕ್ಕೂ ಉದ್ದ ಕೊಕ್ಕು, ಹೊಳೆಯುವ ಗರಿ, ಮಕರಂದದ ಆಹಾರ. ಆದರೆ ಈ ಹೋಲಿಕೆ ಸಮೀಪದ ನೆಂಟಸ್ತಿಕೆಯಿಂದ ಬಂದುದಲ್ಲ. ಒಂದೇ ಬಗೆಯ ಜೀವನೋಪಾಯವು ಭೂಮಿಯ ಎರಡು ಮಗ್ಗುಲುಗಳಲ್ಲಿ ರೂಪಿಸಿದ ಹೋಲಿಕೆ ಅದು. ಛಾಯಾಗ್ರಾಹಕನಿಗೆ ಮುಖ್ಯವಾದ ವ್ಯತ್ಯಾಸವೆಂದರೆ, ಹಮ್ಮಿಂಗ್ ಬರ್ಡ್ ಸಾಮಾನ್ಯವಾಗಿ ಗಾಳಿಯಲ್ಲಿ ನಿಂತು ಹೀರುತ್ತದೆ. ಸೂರಕ್ಕಿ ಕ್ವಚಿತ್ತಾಗಿ ಹಾಗೆ ಮಾಡಿದರೂ ಬಹುಮಟ್ಟಿಗೆ ಕುಳಿತೇ ಹೀರುತ್ತದೆ.

ಹಾಗಿದ್ದರೂ ನಾನು ಹಮ್ಮಿಂಗ್ ಬರ್ಡ್‌ನಿಂದಲೇ ಆರಂಭಿಸುತ್ತೇನೆ. ಹೂವು ಮತ್ತು ಹಕ್ಕಿಯ ಚಿತ್ರ ಎಂದರೆ ಹೀಗಿರಬೇಕು ಎಂಬ ಕಲ್ಪನೆ ನಮ್ಮ ಮನಸ್ಸಿನಲ್ಲಿ ಮೂಡಿರುವುದು ಬಹುಪಾಲು ಆ ಚಿತ್ರಗಳಿಂದ. ರೆಕ್ಕೆಯ ಒಂದೊಂದು ಗರಿಯೂ ಸ್ಪಷ್ಟ, ಗಂಟಲು ರತ್ನದಂತೆ ಹೊಳೆಯುತ್ತಿದೆ, ಹಿನ್ನೆಲೆ ಮಾತ್ರ ಬೆಣ್ಣೆಯಂತೆ ನುಣುಪು. ಈ ಶೈಲಿಗೆ ದೀರ್ಘ ಇತಿಹಾಸವಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಹೆರಾಲ್ಡ್ ಎಡ್ಗರ್ಟನ್ ಅತಿ ಕ್ಷಿಪ್ರವಾಗಿ ಮಿನುಗಿ ಆರುವ ವಿದ್ಯುತ್ ದೀಪವನ್ನು ಅಭಿವೃದ್ಧಿಪಡಿಸಿ, ಅದರಿಂದ ಹಮ್ಮಿಂಗ್ ಬರ್ಡ್‌ಗಳ ಚಿತ್ರಗಳನ್ನೂ ತೆಗೆದರು. ಬಳಿಕ ಡುಪಾಂಟ್ ಕಂಪನಿಯ ಅಧ್ಯಕ್ಷರಾಗಿದ್ದ ರಾಸಾಯನಿಕ ಎಂಜಿನಿಯರ್ ಕ್ರಾಫರ್ಡ್ ಗ್ರೀನ್‌ವಾಲ್ಟ್ ಬಿಡುವಿನ ವೇಳೆಯಲ್ಲಿ ಈ ಹಕ್ಕಿಗಳನ್ನು ಹುಡುಕಿಕೊಂಡು ದೇಶದೇಶ ಸುತ್ತಿ, 1960ರಲ್ಲಿ ಅವುಗಳ ಕುರಿತ ಹೆಸರಾಂತ ಚಿತ್ರಗ್ರಂಥವನ್ನು ಹೊರತಂದರು. ಇಂದು ಕೋಸ್ಟರಿಕ, ಈಕ್ವೆಡಾರ್ ದೇಶಗಳಲ್ಲಿ ಪ್ರವಾಸಿ ಛಾಯಾಗ್ರಾಹಕರು ಅನುಸರಿಸುವ ಕ್ರಮವು ಆ ಪ್ರಯೋಗಗಳ ಮುಂದುವರಿಕೆಯೇ ಆಗಿದೆ.

ಅಷ್ಟೊಂದು ದೀಪಗಳು ಏಕೆ ಬೇಕು ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಸೆಕೆಂಡಿಗೆ 50 ಬಾರಿ ರೆಕ್ಕೆ ಬಡಿಯುವ, ಸುಮಾರು 4 ಸೆಂಟಿಮೀಟರ್ ಉದ್ದದ ರೆಕ್ಕೆಯುಳ್ಳ ಹಕ್ಕಿಯನ್ನು ತೆಗೆದುಕೊಳ್ಳಿ. ರೆಕ್ಕೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸರಿಯಬೇಕು. ಅಂದರೆ ಒಂದೊಂದು ಬೀಸಿಗೆ ಸಿಗುವುದು ಸೆಕೆಂಡಿನ ನೂರನೆಯ ಒಂದು ಭಾಗ. ಅಷ್ಟರಲ್ಲಿ ರೆಕ್ಕೆಯ ತುದಿ ಸುಮಾರು 10 ಸೆಂಟಿಮೀಟರ್ ಕ್ರಮಿಸುತ್ತದೆ. ಇದು ಸೆಕೆಂಡಿಗೆ 10 ಮೀಟರ್ ವೇಗವಾಯಿತು. ಷಟರನ್ನು 1/1600 ಸೆಕೆಂಡಿಗೆ ಇಟ್ಟರೂ ಆ ಅವಧಿಯಲ್ಲಿ ತುದಿ 6 ಮಿಲಿಮೀಟರಿಗಿಂತ ಹೆಚ್ಚು ಸರಿದಿರುತ್ತದೆ. ಚಿತ್ರದಲ್ಲಿ ರೆಕ್ಕೆಯ ಬದಲು ಮಸುಕು ಕಾಣುತ್ತದೆ. ಅದೇ ಬೆಳಕು 1/20,000 ಸೆಕೆಂಡ್ ಮಾತ್ರ ಬಿದ್ದರೆ ತುದಿ ಸರಿಯುವುದು ಅರ್ಧ ಮಿಲಿಮೀಟರ್. ಗರಿಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಇಲ್ಲಿ ರೆಕ್ಕೆಯನ್ನು ನಿಲ್ಲಿಸುವ ಕೆಲಸ ಷಟರಿನದಲ್ಲ, ಫ್ಲಾಷ್‌ನದು. ಸಾಮಾನ್ಯ ಫ್ಲಾಷ್ ಪೂರ್ಣ ಶಕ್ತಿಯಲ್ಲಿ ಬೆಳಗುವ ಅವಧಿ ಸುಮಾರು 1/1000 ಸೆಕೆಂಡ್. ಶಕ್ತಿಯನ್ನು ಇಳಿಸಿದಂತೆ ಅವಧಿಯೂ ಕುಗ್ಗುತ್ತದೆ. 1/16 ಅಥವಾ 1/32ಕ್ಕೆ ಇಳಿಸಿದಾಗ ಅದು ಹತ್ತು ಇಪ್ಪತ್ತು ಸಾವಿರದ ಒಂದು ಭಾಗದಷ್ಟಾಗುತ್ತದೆ. ಆದರೆ ಶಕ್ತಿ ಇಳಿದರೆ ಬೆಳಕೂ ಇಳಿಯುತ್ತದೆ. ಅದನ್ನು ತುಂಬಿಕೊಳ್ಳಲು ನಾಲ್ಕಾರು ಫ್ಲಾಷ್‌ಗಳನ್ನು ಹೂವಿಗೆ ತೀರ ಹತ್ತಿರದಲ್ಲಿ ನಿಲ್ಲಿಸಬೇಕಾಗುತ್ತದೆ. ದೂರ ಇಮ್ಮಡಿಯಾದರೆ ಬೆಳಕು ನಾಲ್ಕರಲ್ಲೊಂದು ಭಾಗಕ್ಕೆ ಇಳಿಯುತ್ತದೆ ಎಂಬ ಭೌತಶಾಸ್ತ್ರದ ನಿಯಮವೇ ಇದಕ್ಕೆ ಕಾರಣ.

ಇಷ್ಟಕ್ಕೆ ಮುಗಿಯುವುದಿಲ್ಲ. ಫ್ಲಾಷ್‌ನೊಂದಿಗೆ ಹೊಂದಿಕೊಳ್ಳುವ ಷಟರ್ ವೇಗ ಹೆಚ್ಚಿನ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ಸೆಕೆಂಡ್. ಷಟರ್ ಅಷ್ಟು ಹೊತ್ತು ತೆರೆದಿರುವಾಗ ಹಗಲಿನ ಸಹಜ ಬೆಳಕೂ ಒಳಗೆ ಬರುತ್ತದೆ. ಸಹಜ ಬೆಳಕು ಫ್ಲಾಷ್‌ಗಿಂತ ಎರಡೇ ಸ್ಟಾಪ್ ಕಡಿಮೆಯಿದ್ದರೆ ಅದು ಫ್ಲಾಷ್‌ನ ಕಾಲುಭಾಗ; ಸ್ಪಷ್ಟ ರೆಕ್ಕೆಯ ಪಕ್ಕದಲ್ಲಿ ನೆರಳಿನಂಥ ಇನ್ನೊಂದು ರೆಕ್ಕೆ ಮೂಡುತ್ತದೆ. ಐದು ಸ್ಟಾಪ್ ಕಡಿಮೆಯಾದರೆ ಅದು 32ರಲ್ಲಿ ಒಂದು ಭಾಗ. ಆಗ ಆ ನೆರಳು ಕಾಣಿಸದು. ಆದ್ದರಿಂದ ಅಪರ್ಚರನ್ನು ಎಫ್ 16ರಷ್ಟು ಕಿರಿದುಗೊಳಿಸಿ, ನೆರಳಿನ ಜಾಗ ಹುಡುಕಿ, ಸಹಜ ಬೆಳಕನ್ನು ಬೇಕೆಂದೇ ಹೊರಗಿಡುತ್ತಾರೆ. ಫ್ಲಾಷ್ ತಲುಪದ ಕಾಡೆಲ್ಲ ಆಗ ಕಪ್ಪಾಗುತ್ತದೆ. ಆ ಕಪ್ಪನ್ನು ಮರೆಸಲು ಹೂವಿನ ಹಿಂದೆ ಹಸಿರು ಬಣ್ಣದ ಮುದ್ರಿತ ಹಲಗೆಯನ್ನಿಟ್ಟು, ಅದಕ್ಕೂ ಒಂದು ಫ್ಲಾಷ್ ಕೊಡುತ್ತಾರೆ. ನಾವು ಕಾಡು ಎಂದುಕೊಂಡು ಮೆಚ್ಚುವ ನುಣುಪು ಹಿನ್ನೆಲೆ ಅನೇಕ ವೇಳೆ ಈ ಹಲಗೆಯೇ ಆಗಿರುತ್ತದೆ.

ಹಕ್ಕಿ ಆ ಜಾಗಕ್ಕೆ ಬರಬೇಕಲ್ಲ? ಅದಕ್ಕಾಗಿ ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು ಬೆರೆಸಿದ ಪಾತ್ರೆಯನ್ನು ತೂಗುಹಾಕಿ ಅಭ್ಯಾಸ ಮಾಡಿಸುತ್ತಾರೆ. ಆಮೇಲೆ ಪಾತ್ರೆಯನ್ನು ಸರಿಸಿ ಕತ್ತರಿಸಿ ತಂದ ಹೂವೊಂದನ್ನು ಅಲ್ಲಿ ಸಿಕ್ಕಿಸಿ, ಸಿರಿಂಜಿನಿಂದ ಅದೇ ಸಕ್ಕರೆ ನೀರನ್ನು ಅದರೊಳಗೆ ಬಿಡುವ ಪದ್ಧತಿಯೂ ಇದೆ. ಹಕ್ಕಿ ನಿಜ, ಹೂವೂ ನಿಜ. ಆದರೆ ಅವೆರಡರ ಸಂಬಂಧ ಕೃತಕ. ಆ ಹಕ್ಕಿ ಆ ಹೂವನ್ನು ತಾನಾಗಿ ಎಂದಾದರೂ ಅರಸಿ ಹೋಗುತ್ತದೆಯೇ ಎಂಬುದನ್ನು ಚಿತ್ರ ಹೇಳಲಾರದು. ಆಂಡೀಸ್ ಪರ್ವತಗಳ ಕತ್ತಿಕೊಕ್ಕಿನ ಹಮ್ಮಿಂಗ್ ಬರ್ಡ್‌ಗೆ ಬಾಲವನ್ನು ಬಿಟ್ಟರೆ ದೇಹಕ್ಕಿಂತಲೂ ಉದ್ದವಾದ ಕೊಕ್ಕು ಇದೆ. ಉದ್ದನೆಯ ಕೊಳವೆಯ ಪ್ಯಾಸಿಫ್ಲೋರ ಹೂವಿನ ಜೊತೆಯಲ್ಲಿ ನೋಡಿದಾಗ ಆ ಕೊಕ್ಕಿನ ಅರ್ಥ ತಿಳಿಯುತ್ತದೆ. ಸಕ್ಕರೆ ನೀರಿನ ಪಾತ್ರೆಯ ಮುಂದೆ ನಿಂತ ಅದೇ ಹಕ್ಕಿ ಕೇವಲ ಒಂದು ವಿಚಿತ್ರ ಪ್ರಾಣಿ.

ಕೃತಕ ವ್ಯವಸ್ಥೆಯೆಲ್ಲ ತ್ಯಾಜ್ಯವೆಂದು ನಾನು ಹೇಳುತ್ತಿಲ್ಲ. ಹಮ್ಮಿಂಗ್ ಬರ್ಡ್‌ನ ನಾಲಗೆಯು ಸಣ್ಣ ಕೊಳವೆಯಲ್ಲಿ ನೀರು ತಾನಾಗಿ ಏರುವಂತೆ ಮಕರಂದವನ್ನು ಏರಿಸಿಕೊಳ್ಳುತ್ತದೆ ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದಿಂದ ಬಂದಿತ್ತು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಅಲೆಹಾಂಡ್ರೊ ರಿಕೊ ಗುವೇರಾ ಮತ್ತು ಮಾರ್ಗರೆಟ್ ರುಬೇಗಾ ಪಾರದರ್ಶಕ ಪಾತ್ರೆಯಲ್ಲಿ ಹಕ್ಕಿಗಳು ಹೀರುವುದನ್ನು ಅತಿ ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. ನಾಲಗೆಯ ತುದಿ ದ್ರವದಲ್ಲಿ ಬಿಚ್ಚಿಕೊಂಡು, ಹೊರಬರುವಾಗ ಮಡಚಿಕೊಂಡು ದ್ರವವನ್ನು ಹಿಡಿದು ತರುತ್ತದೆ ಎಂದು 2011ರಲ್ಲಿ ತೋರಿಸಿದರು. ಅಲ್ಲಿ ಪ್ರಶ್ನೆ ನಾಲಗೆಯದಾಗಿತ್ತು, ಪಾತ್ರೆಯನ್ನು ಯಾರೂ ಹೂವೆಂದು ಹೇಳಲಿಲ್ಲ. ಪ್ರಶ್ನೆಗೆ ತಕ್ಕ ವ್ಯವಸ್ಥೆ, ವ್ಯವಸ್ಥೆಯನ್ನು ಮುಚ್ಚಿಡದ ವಿವರಣೆ, ಇವೆರಡೂ ಇದ್ದರೆ ಚಿತ್ರ ವಿಜ್ಞಾನಕ್ಕೆ ಸಲ್ಲುತ್ತದೆ.

ಈಗ ನಮ್ಮ ತೋಟ, ಕಾಡುಗಳಿಗೆ ಬರೋಣ. ಪಶ್ಚಿಮ ಘಟ್ಟಗಳಿಗಷ್ಟೇ ಸೀಮಿತವಾದ ಕಿರು ಸೂರಕ್ಕಿಯೂ ಸೇರಿದಂತೆ ಹಲವು ಸೂರಕ್ಕಿಗಳು ನಮ್ಮ ನೆರೆಹೊರೆಯಲ್ಲಿವೆ. ಇವು ಹೂವಿನ ತೊಟ್ಟಿನ ಮೇಲೋ ಪಕ್ಕದ ರೆಂಬೆಯ ಮೇಲೋ ಕುಳಿತು ಹೀರುತ್ತವೆ. ಹೀರುವ ಒಂದೆರಡು ಕ್ಷಣ ದೇಹ ಬಹುತೇಕ ಸ್ಥಿರ. 1/800 ಸೆಕೆಂಡ್ ಷಟರ್ ಸಾಕಾಗುತ್ತದೆ. ಎಂದರೆ, ಹಮ್ಮಿಂಗ್ ಬರ್ಡ್‌ಗಾಗಿ ರೂಪುಗೊಂಡ ಫ್ಲಾಷ್‌ಗಳ ಪಡೆಯನ್ನು ಇಲ್ಲಿಗೆ ತರಲು ತಾಂತ್ರಿಕ ಕಾರಣವೇ ಇಲ್ಲ. ಹಾಗಿದ್ದೂ ರೆಂಬೆ ಕಡಿದು ತಂದು ಸಿಕ್ಕಿಸುವ, ಸಿಹಿ ತುಂಬುವ ಚಾಳಿ ಇಲ್ಲಿಯೂ ಕಾಲಿಡದಂತೆ ನೋಡಿಕೊಳ್ಳುವ ಹೊಣೆ ನಮ್ಮ ಮೇಲಿದೆ.

ಸೂರಕ್ಕಿಯ ಚಿತ್ರದಲ್ಲಿರುವ ಕಷ್ಟ ವೇಗದ್ದಲ್ಲ, ಬೆಳಕಿನ ಅಂತರದ್ದು. ಗಂಡು ಹಕ್ಕಿಯ ಮೈ ಕಡುನೀಲಿ, ಕಡುನೇರಳೆ. ಹೂವು ಬಿಸಿಲಿನಲ್ಲಿ ಉರಿಯುವ ಕೆಂಪು. ಹಿಂದೆ ಎಲೆಯುದುರಿದ ಮರದ ರೆಂಬೆಗಳ ನಡುವೆ ಬಿಳಿಯ ಆಕಾಶ. ಕ್ಯಾಮೆರಾದ ಮೀಟರಿಗೆ ಇವುಗಳ ವಿವೇಚನೆಯಿಲ್ಲ. ಎದುರಿಗಿದ್ದುದೆಲ್ಲವೂ ಸರಾಸರಿಯಲ್ಲಿ ಮಧ್ಯಮ ಬೂದುಬಣ್ಣವೆಂದು ತಿಳಿದು ಅದು ಲೆಕ್ಕ ಹಾಕುತ್ತದೆ. ಹಿನ್ನೆಲೆಯಲ್ಲಿ ಕಾಫಿ ಎಲೆಯಿದ್ದರೆ ಬೆಳಕನ್ನು ಹೆಚ್ಚಿಸುತ್ತದೆ, ಆಕಾಶವಿದ್ದರೆ ತಗ್ಗಿಸುತ್ತದೆ. ಹಕ್ಕಿ ಒಂದು ಗೊಂಚಲಿನಿಂದ ಇನ್ನೊಂದಕ್ಕೆ ಹಾರಿದಾಗ ಹೂವಿನ ಮೇಲೆ ಬಿದ್ದ ಬಿಸಿಲು ಬದಲಾಗಿರುವುದಿಲ್ಲ, ಆದರೆ ಮೀಟರಿನ ಮಾತು ಎರಡು ಮೂರು ಸ್ಟಾಪ್ ಬದಲಾಗಿರುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು: ಹಕ್ಕಿ ಬರುವ ಮೊದಲೇ ಹೂವನ್ನು ಅಳೆದಿಡಿ. ಹೂವು ಎಲ್ಲಿಗೂ ಹೋಗುವುದಿಲ್ಲ, ಅವಸರವೂ ಇಲ್ಲ. ಕ್ಯಾಮೆರಾವನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ, ಐಎಸ್ಒವನ್ನೂ ಸ್ಥಿರಗೊಳಿಸಿ. ಸ್ಪಾಟ್ ಮೀಟರಿಂಗ್‌ನಲ್ಲಿ ಬಿಸಿಲು ಬಿದ್ದ ಎಸಳನ್ನು ನೋಡಿ. ಬಿಳಿ ಅಥವಾ ತಿಳಿಹಳದಿ ಎಸಳಾದರೆ ಮೀಟರ್ ತೋರಿಸುವುದಕ್ಕಿಂತ ಒಂದೂವರೆ ಸ್ಟಾಪಿನಷ್ಟು ಹೆಚ್ಚು ಕೊಡಬಹುದು. ಕಡುಗೆಂಪಾದರೆ ಮೀಟರ್ ತೋರಿಸಿದಷ್ಟರಿಂದಲೋ, ಅರ್ಧ ಸ್ಟಾಪ್ ಕಡಿಮೆಯಿಂದಲೋ ಆರಂಭಿಸಿ. ಒಂದು ಪರೀಕ್ಷಾ ಚಿತ್ರ ತೆಗೆದು ಹಿಸ್ಟೋಗ್ರಾಮ್ ಪರಿಶೀಲಿಸಿ, ಆಮೇಲೆ ಹಕ್ಕಿಗಾಗಿ ಕಾಯಿರಿ.

ಹಿಸ್ಟೋಗ್ರಾಮ್ ನೋಡುವಾಗ ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಹಾಲುವಾಣ, ಮುತ್ತುಗ, ಬೂರುಗದಂಥ ಹೂಗಳಲ್ಲಿ ಒಟ್ಟು ನಕ್ಷೆ ಸರಿಯಾಗಿ ಕಂಡರೂ ಕೆಂಪಿನ ನಕ್ಷೆ ಮಾತ್ರ ಬಲಗೋಡೆಗೆ ಒತ್ತಿಕೊಂಡಿರುವುದುಂಟು. ಆಗ ಎಸಳಿನ ಗೆರೆ, ಮಡಿಕೆಗಳೆಲ್ಲ ಮಾಯವಾಗಿ ಕೆಂಪು ಬಣ್ಣ ಬಳಿದಂತೆ ಕಾಣುತ್ತದೆ. ಒಮ್ಮೆ ಹೀಗೆ ಕಳೆದುಹೋದ ವಿವರವನ್ನು ಕಂಪ್ಯೂಟರ್‌ನಲ್ಲಿ ಮರಳಿ ತರಲಾಗದು. ನೆರಳಿನಲ್ಲಿ ಅಡಗಿದ ವಿವರವನ್ನಾದರೋ ರಾ ಕಡತದಿಂದ ಎರಡು ಮೂರು ಸ್ಟಾಪ್ ಮೇಲೆತ್ತಬಹುದು. ಮೂಡಿಗೆರೆಯಲ್ಲಿ ನೆಲೆಸಿ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರಂಥವರು ಫಿಲಂ ಬಳಸುತ್ತಿದ್ದ ಕಾಲದಲ್ಲಿ ಈ ಅನುಕೂಲ ಇರಲಿಲ್ಲ. ಸ್ಲೈಡ್ ಫಿಲಂ ತಾಳುತ್ತಿದ್ದುದು ಐದಾರು ಸ್ಟಾಪಿನ ಅಂತರವನ್ನಷ್ಟೇ. ಇಂದಿನ ಉತ್ತಮ ಸಂವೇದಕಗಳು ಕಡಿಮೆ ಐಎಸ್ಒದಲ್ಲಿ ಹನ್ನೆರಡಕ್ಕೂ ಹೆಚ್ಚು ಸ್ಟಾಪ್ ತಾಳುತ್ತವೆ. ಐಎಸ್ಒ ಏರಿಸಿದಂತೆ ಈ ಸಾಮರ್ಥ್ಯ ಕುಗ್ಗುತ್ತದೆ ಎಂಬುದು ನೆನಪಿರಲಿ. ಹೂವಿನ ಬೆಳಕನ್ನು ಕಾಪಾಡಿಕೊಂಡು ಹಕ್ಕಿಯ ಕತ್ತಲನ್ನು ಆಮೇಲೆ ಎತ್ತಿಕೊಳ್ಳುವುದೇ ಸರಿಯಾದ ಕ್ರಮ.

ಕೆಲವು ಅಂಕಿಗಳನ್ನು ಕೊಡುತ್ತೇನೆ. ಬೇಸಗೆಯ ಪ್ರಖರ ಬಿಸಿಲಿನಲ್ಲಿ ಐಎಸ್ಒ 400, ಎಫ್ 8 ಇಟ್ಟರೆ ಷಟರ್ 1/1600ರ ಆಸುಪಾಸಿನಲ್ಲಿರಬೇಕು. ಕೆಂಪು ಹೂವಿಗೆ 1/2000. ಬೆಳಗಿನ ಎಳೆಬಿಸಿಲಿಗೆ 1/800. ಮಳೆಗಾಲದ ದಟ್ಟ ಮೋಡದಲ್ಲಿ ಐಎಸ್ಒ 1600, ಎಫ್ 5.6 ಇಟ್ಟರೆ ಮತ್ತೆ 1/800ರ ಸುತ್ತಮುತ್ತ ಬರುತ್ತದೆ. ಮಲೆನಾಡಿನ ಮೋಡವನ್ನು ಛಾಯಾಗ್ರಾಹಕರು ಶಪಿಸುವುದು ಸರಿಯಲ್ಲ. ಆಕಾಶವೆಲ್ಲ ಒಂದೇ ದೀಪವಾಗಿ, ಹಕ್ಕಿಗೂ ಹೂವಿಗೂ ಇರುವ ಅಂತರವನ್ನು ತಾನೇ ತಗ್ಗಿಸಿಕೊಡುವ ಬೆಳಕು ಅದು.

ಹೊಳೆಯುವ ಗರಿಗಳ ಬಗ್ಗೆ ಒಂದು ಮಾತು. ಹಮ್ಮಿಂಗ್ ಬರ್ಡ್ ಮತ್ತು ಸೂರಕ್ಕಿಗಳ ಕೊರಳಿನ ಹೊಳಪು ಬಣ್ಣದ ದ್ರವ್ಯದಿಂದಲೇ ಬಂದುದಲ್ಲ. ಗರಿಯ ಎಳೆಗಳಲ್ಲಿ ಪದರಪದರವಾಗಿ ಜೋಡಣೆಗೊಂಡ ಅತಿಸೂಕ್ಷ್ಮ ಮೆಲನಿನ್ ಕಣಗಳು ಬೆಳಕನ್ನು ಪ್ರತಿಫಲಿಸುವ ಬಗೆಯಿಂದ ಅದು ಹುಟ್ಟುತ್ತದೆ. ಹಾಗಾಗಿ ಕೋನ ಬದಲಾದರೆ ಬಣ್ಣವೂ ಬದಲಾಗುತ್ತದೆ; ಅದೇ ಹಕ್ಕಿ ಒಂದು ಕ್ಷಣ ಕಪ್ಪು, ಮರುಕ್ಷಣ ನೇರಳೆ. ಎಕ್ಸ್‌ಪೋಷರ್ ಹೆಚ್ಚಿಸಿ ಈ ಹೊಳಪನ್ನು ತರಲು ಸಾಧ್ಯವಿಲ್ಲ. ಸೂರ್ಯ ನಮ್ಮ ಬೆನ್ನ ಹಿಂದೆ ಇರುವಂತೆ ನಿಂತು, ಹಕ್ಕಿ ಕೊರಳು ತಿರುಗಿಸುವವರೆಗೆ ತಾಳ್ಮೆಯಿಂದಿರಬೇಕು. ಹೊಳಪು ಬಂದ ಕ್ಷಣದಲ್ಲಿ ಕೊರಳು ಹೂವಿನಷ್ಟೇ ಪ್ರಕಾಶಮಾನವಾಗಬಹುದು. ಹೂವಿಗೆ ಅಳೆದಿಟ್ಟ ಎಕ್ಸ್‌ಪೋಷರ್ ಆಗ ಕೊರಳನ್ನೂ ಕಾಪಾಡುತ್ತದೆ.

ಇಷ್ಟೆಲ್ಲ ಶ್ರಮ ಏಕೆ? ನಾನು ಮುಖ್ಯವೆಂದು ಭಾವಿಸುವ ಸಂಗತಿ ಇಲ್ಲಿದೆ. ಸೂರಕ್ಕಿ ಹೂವಿಗೆ ಬಂದ ಮಾತ್ರಕ್ಕೆ ಪರಾಗಸ್ಪರ್ಶವಾಯಿತೆಂದು ಹೇಳಲಾಗದು. ಉದ್ದ ಕೊಳವೆಯ ಹೂವುಗಳ ಬುಡಕ್ಕೆ ತೂತು ಕೊರೆದು, ಕೇಸರವನ್ನು ಮುಟ್ಟದೆಯೇ ಮಕರಂದ ಕದಿಯುವ ಅಭ್ಯಾಸವೂ ಅದಕ್ಕಿದೆ. ಅತಿಥಿಯೋ ಕಳ್ಳನೋ ಎಂಬುದನ್ನು ಎರಡು ಗುರುತುಗಳಿಂದ ತಿಳಿಯಬಹುದು: ಕೊಕ್ಕು ಹೂವಿನ ಯಾವ ಭಾಗದಲ್ಲಿದೆ, ಹಣೆ ಅಥವಾ ಗಲ್ಲದ ಗರಿಗಳ ಮೇಲೆ ಪರಾಗದ ಪುಡಿ ಅಂಟಿದೆಯೇ? ಕಪ್ಪು ಗರಿಯ ಮೇಲಿನ ಆ ತಿಳಿಹಳದಿ ಪುಡಿ ಬೆಳಕು ಹೆಚ್ಚಾದರೆ ಬಿಳಿಯ ಕಲೆಯಾಗಿ ಕರಗಿಹೋಗುತ್ತದೆ, ತೀರ ಕಡಿಮೆಯಾದರೆ ಗರಿಯೊಡನೆ ಮುಳುಗುತ್ತದೆ. ಚಿತ್ರದ ಸಾಕ್ಷ್ಯಬಲ ನಿಂತಿರುವುದು ಸಾಸಿವೆಗಿಂತಲೂ ಚಿಕ್ಕದಾದ ಆ ಗುರುತಿನ ಮೇಲೆ.

ಬಂದಳಿಕೆಯ ಉದಾಹರಣೆಯನ್ನೇ ನೋಡಿ. ಮಾವು ಮೊದಲಾದ ಹಣ್ಣಿನ ಮರಗಳಿಗೆ ಅದು ಪರಾವಲಂಬಿ. ಹಬ್ಬಿದ ರೆಂಬೆಯನ್ನು ಕತ್ತರಿಸಿ ತೆಗೆಯಿರಿ ಎಂದು ನಾವು ಕೃಷಿಕರಿಗೆ ಹೇಳುತ್ತೇವೆ, ಹೇಳಬೇಕಾದ್ದೂ ಹೌದು. ಆದರೆ ಬಂದಳಿಕೆಯ ಹಲವು ಪ್ರಭೇದಗಳ ಮೊಗ್ಗು ಬಿಚ್ಚಿಕೊಳ್ಳುವುದು ಹಕ್ಕಿಯ ಕೊಕ್ಕು ತಾಗಿದಾಗ. ಅವುಗಳ ಅಂಟುಬೀಜವನ್ನು ಮರದಿಂದ ಮರಕ್ಕೆ ಒಯ್ಯುವ ಪುಟ್ಟ ಹಕ್ಕಿಗೆ ಕನ್ನಡದಲ್ಲಿ ಬದನಿಕೆ ಎಂದೇ ಹೆಸರು. ನೀಲಗಿರಿಯ ಬಂದಳಿಕೆಗಳನ್ನು ಅಧ್ಯಯನ ಮಾಡಿದ ಪ್ರಿಯಾ ದಾವಿದಾರ್, ಈ ಹಕ್ಕಿಯನ್ನು ಅವಲಂಬಿಸಿದ ಕೆಲವು ಪ್ರಭೇದಗಳಲ್ಲಿ ಹೂವಿಗೂ ಹಣ್ಣಿಗೂ ನೋಟದಲ್ಲಿ ಹೋಲಿಕೆಯಿದೆ ಎಂಬುದನ್ನು 1983ರಲ್ಲಿ ಪ್ರಕಟಿಸಿದರು. ಅಂಥ ಗಿಡದ ಚಿತ್ರದಲ್ಲಿ ಬೆಳಕು ಸ್ವಲ್ಪ ಏರುಪೇರಾದರೂ ಹಕ್ಕಿ ಮುಟ್ಟಿದ್ದು ಮೊಗ್ಗನ್ನೋ ಹಣ್ಣನ್ನೋ ಎಂಬುದು ತಿಳಿಯದು. ತೋಟದ ಮಾವಿನಿಂದ ಬಂದಳಿಕೆಯನ್ನು ತೆಗೆಯುವವರು ಪಕ್ಕದ ಸೊಪ್ಪಿನ ಬೆಟ್ಟದ ಕಾಡುಮರಗಳನ್ನೂ ಸ್ವಚ್ಛಗೊಳಿಸಬೇಕೇ? ಕಾಫಿ ತೋಟದ ನೆರಳಿಗೆ ಹಾಲುವಾಣ, ಕಾಡುಮರಗಳನ್ನು ಉಳಿಸಿಕೊಳ್ಳಬೇಕೇ, ಎಲ್ಲೆಡೆ ಸಿಲ್ವರ್ ಓಕ್ ನೆಟ್ಟರೆ ಸಾಕೇ? ಇಂಥ ಪ್ರಶ್ನೆಗಳು ಊರಿನ ಸಭೆಯಲ್ಲಿ ಬಂದಾಗ, ಯಾವ ತಿಂಗಳಲ್ಲಿ ಯಾವ ಹೂವು ಯಾವ ಹಕ್ಕಿಯನ್ನು ಸಾಕುತ್ತಿದೆ ಎಂದು ತೋರಿಸುವ ಆಧಾರ ನಮ್ಮ ಕೈಯಲ್ಲಿರಬೇಕು. ಕಪ್ಪು ಹಿನ್ನೆಲೆಯ ಸುಂದರ ಚಿತ್ರ ಅಲ್ಲಿ ಏನನ್ನೂ ಹೇಳದು. ಹೂವು, ಎಲೆ, ಮರದ ತೊಗಟೆ, ಪರಾಗ ಎಲ್ಲವೂ ಓದಲು ಸಿಗುವ ಸಾಮಾನ್ಯ ಚಿತ್ರ ಮಾತನಾಡುತ್ತದೆ.

ಫ್ಲಾಷ್ ಬಳಸಲೇಬೇಕೆ? ಮಧ್ಯಾಹ್ನದ ನೆತ್ತಿಬಿಸಿಲಿನಲ್ಲಿ ನೆರಳನ್ನು ತುಸು ತುಂಬಲು ಎರಡು ಸ್ಟಾಪ್ ಕಡಿಮೆ ಮಾಡಿದ ಒಂದು ಫ್ಲಾಷ್ ಸಾಕು. ಆದರೆ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಹೋದರೆ ಅದೂ ಬೇಡ. ಗೂಡಿನ ಬಳಿ ಫ್ಲಾಷ್ ಖಂಡಿತ ಕೂಡದು; ಗೂಡು ಕಾಣಲೆಂದು ಮರೆಯ ಎಲೆ ಸವರುವುದು ಅದಕ್ಕಿಂತ ದೊಡ್ಡ ಅಪರಾಧ. ಸೂರಕ್ಕಿಯ ತೂಗುಗೂಡನ್ನು ಕಾಯುತ್ತಿರುವುದು ಆ ಮರೆಯೇ.

ಕೊನೆಯದಾಗಿ ಒಂದು ಕೋರಿಕೆ. ಮುಂದಿನ ಹೂಕಾಲಕ್ಕೆ ನಿಮ್ಮ ಮನೆಗೆ ಸಮೀಪದ ಒಂದೇ ಒಂದು ಮರವನ್ನು ಆರಿಸಿಕೊಳ್ಳಿ. ಮೊದಲ ಹೂವಿನಿಂದ ಕೊನೆಯ ಹೂವಿನವರೆಗೆ ವಾರಕ್ಕೊಮ್ಮೆ ಅರ್ಧ ಗಂಟೆ ಅದರಡಿ ನಿಲ್ಲಿ. ಹೂವಿಗೆ ಬೆಳಕು ಅಳೆದು ಚಿತ್ರ ತೆಗೆಯಿರಿ. ದಿನಾಂಕ, ಹೊತ್ತು, ಷಟರ್, ಅಪರ್ಚರ್‌ಗಳನ್ನು ಕ್ಯಾಮೆರಾ ತಾನೇ ಬರೆದಿಟ್ಟುಕೊಳ್ಳುತ್ತದೆ. ಅದರ ಗಡಿಯಾರ ಸರಿಯಾಗಿರಲಿ. ಗಿಡದ ಹೆಸರು, ಊರಿನ ಹೆಸರು, ಹಕ್ಕಿ ಹೂವನ್ನು ಮುಂದಿನಿಂದ ಹೀರಿತೋ ಬುಡದಿಂದ ಕದ್ದಿತೋ ಎಂಬುದನ್ನು ನೀವು ಬರೆಯಿರಿ. ಸಿಹಿನೀರು ಇಟ್ಟಿದ್ದರೆ ಅದನ್ನೂ ನಮೂದಿಸಿ. ಹತ್ತು ಊರುಗಳಿಂದ ಹತ್ತು ಮರಗಳ ಇಂಥ ದಾಖಲೆ ಮೂರು ವರ್ಷ ಸೇರಿದರೆ, ಕೊಡಲಿ ಎತ್ತುವ ಮುನ್ನ ಯಾರಾದರೂ ಕೇಳಬಹುದಾದ ಪ್ರಶ್ನೆಗೆ ಉತ್ತರ ನಮ್ಮ ಬಳಿಯೇ ಇರುತ್ತದೆ.